1901ರ ಮಿಷಿಗನ್ ತಂಡದ ಅಂಕಗಳನ್ನು ನಾನು ತಾಳೆ ಹಾಕುವ ಬಗೆ

ಹನ್ನೊಂದು ಪಂದ್ಯ, 550 ಅಂಕ, ಎದುರಾಳಿಗಳಿಗೆ ಸೊನ್ನೆ. ಕೋಚ್ ಫೀಲ್ಡಿಂಗ್ ಯೋಸ್ಟ್ ಪಳಗಿಸಿದ ಮಿಷಿಗನ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದ ಈ ಮೊತ್ತ ಎಲ್ಲರಿಗೂ ಗೊತ್ತು. ಅದನ್ನು ಪಂದ್ಯವಾರು ಬಿಡಿಸಲು ಕೂತಾಗ ಇಂದಿನ ಆಟ ಬಲ್ಲವರೇ ಮೊದಲು ಎಡವುತ್ತಾರೆ, ಆಗಿನ ನಿಯಮವೇ ಬೇರೆ.

ಹಾಳೆಯ ನೆತ್ತಿಯಲ್ಲಿ ಆ ವರ್ಷದ ನಿಯಮ ಬರೆದುಕೊಳ್ಳುತ್ತೇನೆ: ಟಚ್‌ಡೌನ್‌ಗೆ (ಚೆಂಡನ್ನು ಎದುರಾಳಿಯ ಗೋಲು ಗೆರೆ ದಾಟಿಸಿ ನೆಲಕ್ಕೆ ಮುಟ್ಟಿಸುವುದು) 5, ಅದರ ಬೆನ್ನಿಗೆ ಒದೆಯುವ ಗೋಲಿಗೆ 1, ಫೀಲ್ಡ್ ಗೋಲಿಗೂ (ಆಟದ ನಡುವೆಯೇ ಗೋಲು ಕಂಬಗಳ ನಡುವೆ ಒದೆಯುವುದು) 5, ಸೇಫ್ಟಿಗೆ (ಚೆಂಡು ಹಿಡಿದವನನ್ನು ಅವನದೇ ಗೋಲು ಗೆರೆಯ ಹಿಂದೆ ತಡೆಯುವುದು) 2. ಟಚ್‌ಡೌನ್‌ಗೆ 6 ಆದದ್ದು 1912ರಲ್ಲಿ. ಮೈದಾನ 110 ಗಜ, ಚೆಂಡು ಕೈಲಿ ಉಳಿಯಲು ಮೂರು ಡೌನ್‌ಗಳಲ್ಲಿ (ಪ್ರಯತ್ನಗಳಲ್ಲಿ) 5 ಗಜ ಸಾಗಿದರೆ ಸಾಕು. ಮುಂದಕ್ಕೆ ಪಾಸ್ ಎಸೆಯಲು 1906ರವರೆಗೆ ಅವಕಾಶವೇ ಇರಲಿಲ್ಲ. ವರದಿಯಲ್ಲಿ 'ಪಾಸ್' ಎಂದು ಕಂಡರೆ ಅದು ಪಕ್ಕಕ್ಕೋ ಹಿಂದಕ್ಕೋ ಕೊಟ್ಟದ್ದು.

ಆಮೇಲೆ ಪ್ರತಿ ಮೊತ್ತವನ್ನೂ ಒಡೆದು ನೋಡುವುದು. ಕ್ಯಾಲಿಫೋರ್ನಿಯಾದ ಪಾಸಡೀನಾದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿರುದ್ಧ ಬಂದದ್ದು 49. ಸೇಫ್ಟಿ ಇಲ್ಲವೆಂದಾದರೆ ಇದಕ್ಕೆ ಒಂದೇ ದಾರಿ: 5 ಅಂಕದವು ಒಂಬತ್ತು, 1 ಅಂಕದವು ನಾಲ್ಕು. 5 ಅಂಕದವು ಎಂಟೇ ಎಂದುಕೊಂಡರೆ 1 ಅಂಕದವು ಒಂಬತ್ತು ಬೇಕಾಗುತ್ತವೆ. ಎಂಟು ಟಚ್‌ಡೌನ್‌ಗೆ ಒಂಬತ್ತು ಗೋಲು ಎಲ್ಲಿಂದ ಬರಬೇಕು? ಆ ಒಂಬತ್ತರಲ್ಲಿ ಎಂಟು ಟಚ್‌ಡೌನ್ (ಐದು ನೀಲ್ ಸ್ನೋ ಒಬ್ಬನದೇ), ಒಂದು ಫೀಲ್ಡ್ ಗೋಲು. ಎರಡರ ಬೆಲೆಯೂ 5 ಆದ್ದರಿಂದ ಇವನ್ನು ಬೇರ್ಪಡಿಸಲು ಗಣಿತ ಸಾಲದು, ಆಟದ ವಿವರ ಓದಲೇಬೇಕು. ಬಫಲೋ ಮೇಲಿನ 128 ಇನ್ನೂ ತೊಡಕು. 5 ಅಂಕದವು 22, 23, 24, 25 ಇವುಗಳಲ್ಲಿ ಎಷ್ಟೆಂದು ಹಿಡಿದರೂ ಮೊತ್ತ ಕೂಡುತ್ತದೆ. ಅಂಥಲ್ಲಿ ವರದಿಯಲ್ಲಿ ಟಚ್‌ಡೌನ್ ಬಂದಲ್ಲೆಲ್ಲ ಪೆನ್ಸಿಲಿನಲ್ಲಿ ಗೀಟು ಹಾಕಿ ಎಣಿಸುವುದೊಂದೇ ಉಪಾಯ.

ಎಂಟು ಟಚ್‌ಡೌನ್‌ಗೆ ನಾಲ್ಕೇ ಗೋಲು ಎಂದರೆ ಒದೆಯುವವನು ಕಳಪೆ ಎಂದು ತೀರ್ಮಾನಿಸಬೇಡಿ. ಚೆಂಡನ್ನು ನೆಲಕ್ಕೆ ಮುಟ್ಟಿಸಿದ ಜಾಗದ ನೇರಕ್ಕೇ ಹಿಂದೆ ತಂದು ಒದೆಯಬೇಕಿತ್ತು. ಮೂಲೆಯಲ್ಲಿ ಟಚ್‌ಡೌನ್ ಆದರೆ ಕೋನ ತೀರಾ ಕಿರಿದು.

ತಾರೀಖಿನ ಗೊಂದಲ ಬೇರೆ. ಶನಿವಾರದ ಆಟ ಭಾನುವಾರದ ಪತ್ರಿಕೆಯಲ್ಲಿ, ಕೆಲವೊಮ್ಮೆ ಸೋಮವಾರ ಬರುತ್ತದೆ. ನಕಲು ಮಾಡುವವರು ಪತ್ರಿಕೆಯ ತಾರೀಖನ್ನೇ ಹಾಕಿಬಿಡುತ್ತಾರೆ. ವಾರದ ದಿನ ನೋಡಿದರೆ ತಪ್ಪು ಸಿಕ್ಕಿಬೀಳುತ್ತದೆ. ಈ ಸೀಸನ್ನಿನಲ್ಲಿ ಶನಿವಾರವಲ್ಲದ್ದು ಎರಡು: ಷಿಕಾಗೋದಲ್ಲಿ ಅಯೋವಾ ಎದುರು ಥ್ಯಾಂಕ್ಸ್‌ಗಿವಿಂಗ್ (ಅಮೆರಿಕದ ನವೆಂಬರ್ ಹಬ್ಬ) ಗುರುವಾರದ ಪಂದ್ಯ, ಮತ್ತು 1902ರ ಜನವರಿ 1, ಬುಧವಾರದ ಪಾಸಡೀನಾ ಪಂದ್ಯ. ವರ್ಷ ಬದಲಾಗಿದೆ ಎಂದು ಕೊನೆಯದನ್ನು ಬಿಟ್ಟರೆ ಮೊತ್ತ 501ಕ್ಕೆ ನಿಲ್ಲುತ್ತದೆ. 550 ಬರದಿದ್ದಾಗ ನಾನು ಮೊದಲು ಹುಡುಕುವುದು ಈ 49ನ್ನೇ.

ಎಲ್ಲರೂ ಮರೆಯುವ ಕಾಲಂ ಎಂದರೆ ನಿಮಿಷ. 'ನಿಮಿಷಕ್ಕೊಂದು ಅಂಕ'ದ ತಂಡ ಎಂದು ಹೆಸರಾದವರ ಪಟ್ಟಿಯಲ್ಲಿ ಅದಿಲ್ಲದಿದ್ದರೆ ಹೇಗೆ? ನಿಯಮದಲ್ಲಿ ಅರ್ಧಕ್ಕೆ 35 ನಿಮಿಷ. ಆದರೆ ಒಪ್ಪಂದದ ಮೇಲೆ ಮೊಟಕು ಮಾಡುವುದೂ ನಡೆಯುತ್ತಿತ್ತು. ಸ್ಟ್ಯಾನ್‌ಫರ್ಡ್ ನಾಯಕ ಇನ್ನೂ ಎಂಟು ನಿಮಿಷ ಇರುವಾಗಲೇ ಆಟ ನಿಲ್ಲಿಸಲು ಕೇಳಿಕೊಂಡ. ಹಾಗಾಗಿ ಆ ಕಾಲಂನಲ್ಲಿ 70 ತುಂಬಬೇಡಿ, ಆಡಿದಷ್ಟನ್ನೇ ಬರೆಯಿರಿ.