ಚೋರ ಬೈದನಾ? – ಮಕ್ಕಳ ಮಾತು ಬರೆದಿಡುವುದು ಹೀಗೆ

ನಮ್ಮ ಮನೆ ಬದಿಯಡ್ಕದಿಂದ ಸ್ವಲ್ಪ ಒಳಗೆ. ಮನೆಯೊಳಗೆ ಕನ್ನಡ. ತೋಟದ ಕೆಲಸಕ್ಕೆ ಬರುವವರ ಜೊತೆ ತುಳು. ಬಸ್ಸಿನಲ್ಲಿ, ಪೇಟೆಯಲ್ಲಿ ಮಲಯಾಳ. ನೆರೆಮನೆಯ ಉಮ್ಮನದ್ದೂ ಮಲಯಾಳವೇ. ಕಾಸರಗೋಡು ಸಪ್ತಭಾಷೆಯ ನೆಲ ಅಂತ ವೇದಿಕೆ ಮೇಲೆ ಹೇಳುವುದನ್ನು ಎಲ್ಲರೂ ಕೇಳಿದ್ದೇವೆ. ಅದರಲ್ಲಿ ಮೂರು ಭಾಷೆ ಒಂದೇ ಬೆಳಿಗ್ಗೆ ಒಂದು ಮಗುವಿನ ಕಿವಿಗೆ ಬಿದ್ದರೆ ಏನಾಗುತ್ತದೆ ಅಂತ ಗೊತ್ತಿರುವುದು ಮನೆಯವರಿಗೆ.

ನನ್ನ ಸಣ್ಣವನಿಗೆ ಆಗ 3 ವರ್ಷ 7 ತಿಂಗಳು. ಮಧ್ಯಾಹ್ನ ಬೇಲಿ ಹತ್ತಿರ ಆಡುತ್ತಿದ್ದ. ಉಮ್ಮ ಆಚೆಯಿಂದ ಪ್ರೀತಿಯಲ್ಲಿ ಕೇಳಿದರು: "ಚೋರ್ ಬೆಯ್ಚಾ?" ಊಟ ಆಯ್ತಾ ಅಂತ. ಚೋರ್ ಅಂದರೆ ಅನ್ನ. ಬೆಯ್ಚಾ ಅನ್ನುವುದು ನಮ್ಮ ಕಡೆಯ, ಕಣ್ಣೂರು ಕಡೆಯ ಮಲಯಾಳದ ಮಾತು, ಉಂಡೆಯಾ ಅಂತ ಅರ್ಥ. ಇವನು ಓಡಿ ಬಂದು ಅಡುಗೆಮನೆ ಬಾಗಿಲಲ್ಲಿ ನಿಂತ.

"ಅಮ್ಮಾ, ಚೋರ ಬೈದನಾ ಅಂತ ಉಮ್ಮ ಕೇಳ್ತಾರೆ. ಯಾವ ಚೋರ?"

ನಾನು ಬಾಯಿ ಬಿಡುವ ಮೊದಲೇ ಅವನಿಗೇ ಉತ್ತರ ಹೊಳೆಯಿತು. ಅಜ್ಜಿ ದಿನಾ ರಾತ್ರಿ ಬೆಣ್ಣೆ ಚೋರ ಕೃಷ್ಣನ ಕಥೆ ಹೇಳುತ್ತಿದ್ದರಲ್ವಾ. ವಾಪಸ್ ಓಡಿದ. ಬೇಲಿಯ ಕಂಬ ಹಿಡಿದು ಜೋರಾಗಿ ಹೇಳಿದ: "ಉಮ್ಮಾ, ಅವ ಬೈಯುವುದಿಲ್ಲ. ಅವ ಒಳ್ಳೆಯವ!"

ಇದನ್ನು ಇಷ್ಟು ಸರಿಯಾಗಿ ಹೇಳಲು ಆಗುವುದು ಅವತ್ತೇ ಬರೆದಿಟ್ಟದ್ದರಿಂದ. ದೊಡ್ಡವಳು ಸಣ್ಣವಳಿದ್ದಾಗ ಹೀಗೆ ಬರೆಯಲು ನನಗೆ ತಿಳಿದಿರಲಿಲ್ಲ. ಅವಳ ಕಾಲದ ಪುಸ್ತಕದಲ್ಲಿ ಒಂದು ಸಾಲು ಉಂಟು: "ಇವತ್ತು ಹಲಸಿನ ಹಣ್ಣಿನ ವಿಷಯದಲ್ಲಿ ಏನೋ ಹೇಳಿದಳು, ಎಲ್ಲರೂ ನಕ್ಕೂ ನಕ್ಕೂ ಸಾಕಾಯಿತು." ಏನು ಹೇಳಿದಳು? ಮನೆಯಲ್ಲಿ ಯಾರಿಗೂ ನೆನಪಿಲ್ಲ. ಆ ಸಾಲು ಓದಿದಾಗೆಲ್ಲ ನನಗೆ ಬೇಜಾರಾಗುತ್ತದೆ. ಹಾಗಾಗಿ ಮೊದಲು ಹೇಳುವುದು ಇದನ್ನೇ: ನಗು ಬಂತು ಅಂತ ಬರೆಯಬೇಡಿ. ಮಗು ಏನು ಹೇಳಿತೋ ಅದನ್ನು ಬರೆಯಿರಿ.

ಅದೂ ಮಗು ಹೇಳಿದ ಹಾಗೆಯೇ. "ತಿಂದೆ" ಅನ್ನಲು "ತಿಂತೆ" ಅಂದರೆ "ತಿಂತೆ" ಅಂತಲೇ ಇರಲಿ. ಮಲಯಾಳದ ಮಾತನ್ನೂ ತುಳು ಮಾತನ್ನೂ ಕಿವಿಗೆ ಕೇಳಿಸಿದ ಹಾಗೆ ಕನ್ನಡ ಅಕ್ಷರದಲ್ಲಿ ಬರೆಯಿರಿ. ಪಕ್ಕದಲ್ಲಿ ಅರ್ಥ ಹಾಕಿ. ಈಗ ನಮಗೆ ಅರ್ಥ ಬೇಡ, ನಿಜ. ಆದರೆ ಈ ಮಕ್ಕಳು ನಾಳೆ ಬೆಂಗಳೂರಲ್ಲೋ ಇನ್ನೆಲ್ಲೋ ಮನೆ ಮಾಡಿದರೆ ಅವರ ಮಕ್ಕಳಿಗೆ "ಬೆಯ್ಚಾ" ಅಂದರೆ ಏನು ಅಂತ ಯಾರು ಹೇಳುತ್ತಾರೆ?

ಮಾತಿಗಿಂತ ಮೊದಲು ಏನಾಯಿತು ಅನ್ನುವುದೂ ಬೇಕು. ಚೋರನ ಮಾತಿಗೆ ಅಜ್ಜಿಯ ಕಥೆ ಸೇರದಿದ್ದರೆ ಅರ್ಧ ರುಚಿ ಹೋಯಿತು. ವಯಸ್ಸನ್ನು ವರ್ಷ, ತಿಂಗಳು ಎರಡರಲ್ಲೂ ಹಾಕಿ. ಮೂರು ವರ್ಷದ ಮಗುವಿಗೂ ನಾಲ್ಕು ತುಂಬುತ್ತಾ ಬಂದ ಮಗುವಿಗೂ ಮಾತಿನಲ್ಲಿ ಭಾರಿ ವ್ಯತ್ಯಾಸ.

ಪುಸ್ತಕ ಎಲ್ಲಿಡುವುದು? ಕೈಗೆ ಸಿಗುವಲ್ಲಿ. ನಮ್ಮದು ಅಡುಗೆಮನೆಯಲ್ಲಿ, ಅಕ್ಕಿ ಡಬ್ಬಿಯ ಮೇಲಿನ ಮೊಳೆಯಲ್ಲಿ ನೇತಾಡುತ್ತದೆ. ಪೆನ್ಸಿಲನ್ನು ಬಾಳೆ ಹಗ್ಗದಲ್ಲಿ ಕಟ್ಟಿದ್ದೇನೆ. ಪೆನ್ನು ಬೇಡ. ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬರುತ್ತದೆ, ಜೂನ್-ಜುಲೈಯಲ್ಲಿ ಕಾಗದ ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗಾಗುತ್ತದೆ. ಜೆಲ್ ಪೆನ್ನಿನ ಶಾಯಿ ಹರಡಿ ಒಂದು ಪುಟ ಪೂರ್ತಿ ಹೋಗಿದೆ. ಪೆನ್ಸಿಲ್ ಹರಡುವುದಿಲ್ಲ. ತಿಂಗಳಿಗೊಮ್ಮೆ ಪುಟಗಳ ಫೋಟೋ ತೆಗೆದಿಡಿ. ಬಿಸಿಲು ಕಂಡ ದಿನ ಪುಸ್ತಕವನ್ನೂ ಅಂಗಳದಲ್ಲಿ ಅಡಿಕೆಯ ಪಕ್ಕ ಒಣಗಲು ಹಾಕಿ.

ಬರೆಯುವುದಕ್ಕಿಂತ ಕಷ್ಟದ ಕೆಲಸ ಒಂದಿದೆ. ಆ ಕ್ಷಣದಲ್ಲಿ ನಾವು ಹೇಗಿರುತ್ತೇವೆ ಅನ್ನುವುದು. ಮಗು ತಪ್ಪು ಹೇಳಿದ್ದು ನಮಗೆ ತಮಾಷೆ. ಮಗುವಿಗೆ ಅಲ್ಲ. ಅದು ತನಗೆ ಗೊತ್ತಿರುವ ಎಲ್ಲವನ್ನೂ ಸೇರಿಸಿ ಅರ್ಥ ಮಾಡಲು ನೋಡುತ್ತಿದೆ.

ದೊಡ್ಡವಳಿಗೆ 6 ವರ್ಷ ಇದ್ದಾಗ ಸಾಮಾನಿನ ಪಟ್ಟಿ ಕೊಟ್ಟು ರಸ್ತೆ ಬದಿಯ ಅಂಗಡಿಗೆ ಕಳಿಸಿದೆ. ಅಂಗಡಿಗೆ ಹೊಸಬರು ಬಂದಿದ್ದರು, ಅವರಿಗೆ ಕನ್ನಡ ಬಾರದು. ಇವಳು ಮಲಯಾಳದಲ್ಲೇ ಹೇಳುವ ಅಂತ ಧೈರ್ಯ ಮಾಡಿ "ಅಮ್ಮ ಪಟ್ಟಿ ತನ್ನಿನ್" ಅಂದಳು. ಮಲಯಾಳದಲ್ಲಿ ಪಟ್ಟಿ ಅಂದರೆ ನಾಯಿ. ಅಮ್ಮ ನಾಯಿ ಕೊಟ್ಟಿದ್ದಾರೆ ಅಂತ ಆಯಿತು! ಅವರು ರಸ್ತೆ ಕಡೆ ಬಗ್ಗಿ ನೋಡಿ, ನಾಯಿ ಎಲ್ಲಿ ಅಂತ ಕೇಳಿದರು. ಇವಳು ಬಟ್ಟೆ ಚೀಲ ಎತ್ತಿ ತೋರಿಸಿದಳು. ಅವರು ಎರಡು ಹೆಜ್ಜೆ ಹಿಂದೆ ಸರಿದರಂತೆ. ಅಂಗಡಿಯಲ್ಲಿದ್ದವರೆಲ್ಲ ಜೋರಾಗಿ ನಕ್ಕರು. ಯಾಕೆ ನಗುತ್ತಾರೆ ಅಂತ ಇವಳಿಗೆ ಗೊತ್ತಾಗಲಿಲ್ಲ. ಅಳುತ್ತಾ ಬಂದಳು. ಆಮೇಲೆ ಸುಮಾರು ಒಂದು ತಿಂಗಳು ಮಲಯಾಳದಲ್ಲಿ ಒಂದು ಅಕ್ಷರ ಆಡಲಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ನಿಯಮ. ಮಗುವಿನ ಮುಖದ ಎದುರು ನಗುವುದಿಲ್ಲ. ತಡೆಯಲು ಆಗದಿದ್ದರೆ ಹಟ್ಟಿಗೆ ಹೋಗಿ ದನದ ಹತ್ತಿರ ನಿಂತು ನಕ್ಕು ಬರಬೇಕು. ಆಮೇಲೆ ಮೆತ್ತಗೆ ಅರ್ಥ ಹೇಳಿಕೊಡುವುದು: "ನಮಗೆ ಪಟ್ಟಿ ಅಂದರೆ ಕಾಗದ, ಅವರಿಗೆ ನಾಯಿ." ಅರ್ಥ ತಿಳಿದ ಮೇಲೆ ಮಗು ತಾನೇ ನಗುತ್ತದೆ. ಆಗ ಜೊತೆಗೆ ನಗಬಹುದು, ಎಷ್ಟು ಬೇಕಾದರೂ.

ನೆಂಟರು ಬಂದಾಗ "ಅದೊಂದು ಹೇಳು ಮಗಾ, ಚೋರನದ್ದು" ಅಂತ ಹೇಳಿಸಬೇಡಿ. ಎರಡನೇ ಸಲ ಹೇಳಿದ್ದು ಮಗುವಿನ ಮಾತಾಗಿರುವುದಿಲ್ಲ, ನಮ್ಮದಾಗಿರುತ್ತದೆ. ಹಾಸಿಗೆ ಒದ್ದೆ ಮಾಡಿದ್ದು, ಕತ್ತಲೆಗೆ ಹೆದರಿದ್ದು ಇಂಥದ್ದನ್ನು ನಾನು ಬರೆಯುವುದೇ ಇಲ್ಲ. ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕುವ ಮೊದಲು ದೊಡ್ಡವಳನ್ನು ಕೇಳುತ್ತೇನೆ. ಬೇಡ ಅಂದರೆ ಬೇಡ. ಎರಡು ಮೂರು ಭಾಷೆ ಕೇಳಿ ಬೆಳೆಯುವ ಮಕ್ಕಳು ಪದ ಬೆರೆಸುವುದು ಸಹಜ. ಅದಕ್ಕೆ ಬೈದು, ಒಂದೇ ಭಾಷೆ ಆಡು ಅಂತ ಕಟ್ಟಿಹಾಕುವುದು ಬೇಡವೇ ಬೇಡ.

ಒಂದೇ ಭಾಷೆಯೊಳಗೂ ಎಡವಟ್ಟು ಆಗುತ್ತದೆ, ಅದನ್ನೂ ಬಿಡಬೇಡಿ. ಮಧೂರಿನಲ್ಲಿ 2025ರಲ್ಲಿ ಮೂಡಪ್ಪ ಸೇವೆ ಆಯಿತಲ್ಲ, ಗಣಪತಿಯನ್ನು ಅಪ್ಪದಲ್ಲಿ ಮುಚ್ಚುವ ಸೇವೆ. ಅದಕ್ಕೆಂದೇ ಮೈಸೂರಿನಿಂದ ನನ್ನ ತಂಗಿಯ ಸಂಸಾರ ಬಂದಿತ್ತು. ದೇವಸ್ಥಾನದಿಂದ ಬಂದ ಮೇಲೆ ನನ್ನ ಮಗ ತಂಗಿಯ ಮಗಳಿಗೆ ಖುಷಿಯಲ್ಲಿ ಹೇಳಿದ: "ನಾನು ಎರಡು ಅಪ್ಪ ತಿಂದೆ. ಇನ್ನೊಂದು ಅಪ್ಪ ಡಬ್ಬಿಯಲ್ಲಿ ಉಂಟು. ನಾಳೆ ತಿನ್ನುವ, ಆಯ್ತಾ?" ಆ ಹುಡುಗಿಗೆ 5 ವರ್ಷ. ಅಪ್ಪ ಅಂದರೆ ತಿಂಡಿ ಅಂತ ಅವಳು ಕೇಳಿರಲೇ ಇಲ್ಲ. ಸೀದಾ ಜಗಲಿಗೆ ಹೋಗಿ ತನ್ನ ಅಪ್ಪನ ಕಾಲನ್ನು ಗಟ್ಟಿ ಹಿಡಿದಳು. ಊಟಕ್ಕೆ ಕರೆದರೂ ಬಿಡಲಿಲ್ಲ. ಕೊನೆಗೆ ಡಬ್ಬಿ ತಂದು ಮುಚ್ಚಳ ತೆಗೆದು ತೋರಿಸಿದೆ. ತುಪ್ಪದ ಪರಿಮಳದ, ಕಂದು ಬಣ್ಣದ ಒಂದೇ ಒಂದು ಅಪ್ಪ. ಬಗ್ಗಿ ನೋಡಿದಳು, ಬೆರಳಲ್ಲಿ ಒತ್ತಿದಳು, ಆಮೇಲೆ ಕಾಲು ಬಿಟ್ಟಳು.

ಮಕ್ಕಳಿಗೆ ಅಕ್ಷರ ಬಂದ ಮೇಲೆ ಪೆನ್ಸಿಲ್ ಅವರಿಗೂ ಕೊಡಿ. ತಿದ್ದಬೇಡಿ. ದೊಡ್ಡವಳಿಗೆ ಈಗ 9. ಮೊನ್ನೆ ಮೊಳೆಯಿಂದ ಪುಸ್ತಕ ತೆಗೆದಾಗ ಅವಳ ಅಕ್ಷರದಲ್ಲಿ ಹೀಗಿತ್ತು:

"ತಮ್ಮ ಬಸ್ಸಿನಲ್ಲಿ ಕಂಡಕ್ಟರ್ ಮಾಮನಿಗೆ ಮೋರ್ ತೊಳೆಯಿರಿ ಅಂದ. ಅವರ ಮುಖದಲ್ಲಿ ಸಾಂಬಾರ್ ಇತ್ತು. ಮೋರ್ ಅಂದರೆ ಮಲಯಾಳದಲ್ಲಿ ಮಜ್ಜಿಗೆ. ತಮ್ಮ ಹೇಳಿದ್ದು ಮೋರೆ. ನಾನು ಬಸ್ಸಿನಲ್ಲಿ ನಗಲಿಲ್ಲ. ಮನೆಗೆ ಬಂದು ಹಟ್ಟಿಗೆ ಹೋಗಿ ನಕ್ಕೆ."