ಮೀನಿನ ತೊಟ್ಟಿಯ ನೀರು ಬದಲಿಸುವ ಕ್ರಮ

ತಾರಸಿಯ ಟ್ಯಾಂಕಿನಿಂದ ನೇರವಾಗಿ ಪೈಪು ಎಳೆದು ತಂದು ಮೀನಿನ ತೊಟ್ಟಿಗೆ ಇಳಿಬಿಡುವವರನ್ನು ಕಂಡರೆ ಈ ವಯಸ್ಸಿನಲ್ಲೂ ನನಗೆ ಸಿಟ್ಟು ತಡೆಯಲಾಗುವುದಿಲ್ಲ. ಕಳೆದ ಮೇ ತಿಂಗಳಲ್ಲಿ ನೆರೆಮನೆಯ ಹುಡುಗ ನಡುಮಧ್ಯಾಹ್ನ ಇದನ್ನೇ ಮಾಡಿದ. ಉಡುಪಿಯ ಬೇಸಗೆಯಲ್ಲಿ ಆ ಹೊತ್ತಿಗೆ ಕಪ್ಪು ಟ್ಯಾಂಕಿನ ನೀರು ಎಷ್ಟು ಕಾದಿರುತ್ತದೆ ಎಂಬುದು ಕೈ ತೊಳೆದವರಿಗೆಲ್ಲ ಗೊತ್ತು. ಸಂಜೆಯೊಳಗೆ ಅವನ ಏಂಜಲ್ ಮೀನುಗಳು ಒಂದೊಂದಾಗಿ ಮಗುಚಿದವು. ಆಮೇಲೆ ಬಂದು, ಯಾವ ಔಷಧ ಹಾಕಲಿ ಎಂದು ನನ್ನನ್ನು ಕೇಳಿದ. ಔಷಧದ ಹೊತ್ತು ಆಗಲೇ ಮೀರಿತ್ತು.

ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ತೊಟ್ಟಿಯೆಂದರೆ ಸುಮಾರು 250 ಲೀಟರ್ ನೀರು. ಅದರಲ್ಲಿ ವಾರಕ್ಕೊಮ್ಮೆ ಕಾಲು ಭಾಗ, ಅಂದರೆ 15 ಲೀಟರಿನ ನಾಲ್ಕು ಬಕೆಟ್, ತೆಗೆದು ಅಷ್ಟನ್ನೇ ತುಂಬಿದರೆ ಸಾಕು. ಬೇಸಗೆಯಲ್ಲಿ ಆರಿದಷ್ಟು ನೀರನ್ನು ಸುರಿದು ನೀರು ಬದಲಿಸಿದೆ ಎಂದುಕೊಳ್ಳುವವರಿದ್ದಾರೆ. ಆರುವುದು ನೀರು ಮಾತ್ರ, ಮೀನಿನ ಕೊಳೆಯೂ ಉಪ್ಪಿನಂಶವೂ ಉಳಿದದ್ದರಲ್ಲಿಯೇ ಗಟ್ಟಿಯಾಗುತ್ತಾ ಹೋಗುತ್ತವೆ. ಇನ್ನು ಕೆಲವರು ತಿಂಗಳುಗಟ್ಟಲೆ ತಿರುಗಿ ನೋಡದೆ, ನೆಂಟರು ಬರುವ ಮುನ್ನಾದಿನ ತೊಟ್ಟಿಯನ್ನೆಲ್ಲ ಬರಿದು ಮಾಡಿ ಪಾತ್ರೆ ತಿಕ್ಕಿದಂತೆ ತಿಕ್ಕುತ್ತಾರೆ. ಇದು ಎಲ್ಲಕ್ಕಿಂತ ಕೆಟ್ಟದ್ದು. ಮುರಕಲ್ಲಿನ ನೆಲದ ನಮ್ಮ ಬಾವಿನೀರು ಮೆದು, ಅದರಲ್ಲಿ ಹುಳಿಯನ್ನು ತಡೆದುಕೊಳ್ಳುವ ಸುಣ್ಣದ ಅಂಶ ಕಡಿಮೆ. ಆದ್ದರಿಂದ ಬಿಟ್ಟ ತೊಟ್ಟಿಯ ನೀರು ತಿಂಗಳಿಂದ ತಿಂಗಳಿಗೆ ಆಮ್ಲೀಯವಾಗುತ್ತದೆ. ಆಮ್ಲೀಯ ನೀರಿನಲ್ಲಿ ಮೀನಿನ ಕೊಳೆಯಿಂದ ಬರುವ ಅಮೋನಿಯ ಹೆಚ್ಚೇನೂ ಹಾನಿ ಮಾಡದ ಅಮೋನಿಯಂ ರೂಪದಲ್ಲಿ ಅಡಗಿರುತ್ತದೆ. ಒಮ್ಮೆಲೇ ಹೊಸ ನೀರು ಬಂದು ಆಮ್ಲ ಇಳಿಯಿತೋ, ಅದೇ ವಿಷವಾಗಿ ಎದ್ದು ಕಿವಿರುಗಳನ್ನು ಸುಡುತ್ತದೆ. ಹೊಸ ನೀರು ಹಾಕಿದ್ದಕ್ಕೇ ಮೀನು ಸತ್ತಿತು ಎಂದು ದೂರುವವರ ಕಥೆ ಹೆಚ್ಚಾಗಿ ಇದೇ. ಅಂಥ ತೊಟ್ಟಿಗೆ ದಿನಕ್ಕೊಂದು ಬಕೆಟಿನಂತೆ ಒಂದೆರಡು ವಾರ ಬದಲಿಸಿ ದಾರಿಗೆ ತರಬೇಕು.

ಹೊಸ ನೀರಿನ ಕೆಲಸ ಹಿಂದಿನ ಸಂಜೆಯೇ ಆರಂಭವಾಗಬೇಕು. ಮಂಗಳೂರಿನ ಮನೆಗಳಿಗೆ ತುಂಬೆಯಿಂದ ಬರುವ ನೇತ್ರಾವತಿಯ ನೀರಿಗೂ ಉಡುಪಿ ನಗರಕ್ಕೆ ಬಜೆಯಿಂದ ಬರುವ ಸ್ವರ್ಣೆಯ ನೀರಿಗೂ ಕ್ಲೋರಿನ್ ಬೆರೆತಿರುತ್ತದೆ. ನಮ್ಮದು ಬಾವಿನೀರು, ನಮಗೇನು ಎನ್ನುವವರು ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದನ್ನು ಮರೆತಿರುತ್ತಾರೆ. ಬಕೆಟುಗಳಲ್ಲಿ ನೀರು ತುಂಬಿ, ಬಾಯಿಗೆ ತೆಳುವಾದ ಬೈರಾಸು ಮುಚ್ಚಿ, ತೊಟ್ಟಿ ಇರುವ ಕೋಣೆಯಲ್ಲೇ ರಾತ್ರಿಯಿಡೀ ಇಟ್ಟರೆ ನೀರಿನ ಬಿಸಿಯೂ ತೊಟ್ಟಿಯ ಬಿಸಿಯೂ ಒಂದಾಗುತ್ತವೆ, ಕ್ಲೋರಿನ್ ಬಹುಪಾಲು ಹಾರಿಹೋಗುತ್ತದೆ. ಸಂದೇಹವಿದ್ದರೆ ಬಕೆಟಿಗೆ ಕ್ಲೋರಿನ್ ಕಳೆಯುವ ಹೈಪೋವಿನ (ಸೋಡಿಯಂ ಥಯೋಸಲ್ಫೇಟ್) ಹೆಸರುಕಾಳಿನಷ್ಟು ದೊಡ್ಡ ನಾಲ್ಕೈದು ಹರಳು ಹಾಕಿ ಕರಗಿಸಿ. ಬಾವಿಯಿಂದ ಆಗಷ್ಟೇ ಸೇದಿದ ನೀರಿನಲ್ಲಿ ಉಸಿರಾಟಕ್ಕೆ ಬೇಕಾದ ಗಾಳಿ ಕಡಿಮೆಯಿರುವುದರಿಂದ ಬೆಳಿಗ್ಗೆ ಎರಡು ಬಕೆಟುಗಳ ನಡುವೆ ನಾಲ್ಕೈದು ಸಲ ಎತ್ತಿ ಹೊಯ್ಯಬೇಕು, ಕಾಫಿ ಆರಿಸಿದಂತೆ. ಬಕೆಟ್ ಸೋಪಿನ ನೀರು ಕಾಣದ್ದಾಗಿರಲಿ. ಬಚ್ಚಲಿನ ತಾಮ್ರದ ಹಂಡೆಯ ಹದಬಿಸಿ ನೀರು ಬೆರೆಸುವ ಜಾಣತನವಂತೂ ಬೇಡವೇ ಬೇಡ. ಮೆದುನೀರಿನಲ್ಲಿ ತಾಮ್ರ ಬೇಗ ಕರಗುತ್ತದೆ, ಮೀನಿಗೆ ಅದು ವಿಷ.

ತೊಟ್ಟಿಗೆ ಕೈ ಹಾಕುವ ಮೊದಲು ಹೀಟರ್, ಫಿಲ್ಟರ್, ದೀಪ ಎಲ್ಲದರ ಪ್ಲಗ್ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು. ನೀರಿನಿಂದ ಹೊರಗಾದ ಹೀಟರಿನ ಗಾಜು ಕಾದು, ತಣ್ಣೀರು ತಾಗಿದ ಕೂಡಲೇ ಸೀಳುತ್ತದೆ. ಕೈಗೆ ತೆಂಗಿನೆಣ್ಣೆ, ಸೋಪು, ಸೊಳ್ಳೆಯ ಕ್ರೀಮು ಇರಬಾರದು. ನೀರು ಸೆಳೆಯುವ ಪೈಪನ್ನು ಬಾಯಲ್ಲಿ ಹೀರಬೇಡಿ. ತೊಟ್ಟಿಯಲ್ಲೇ ಮುಳುಗಿಸಿ ತುಂಬಿ, ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಕೆಳಗಿಳಿಸಿದರೆ ತಾನಾಗಿ ಹರಿಯುತ್ತದೆ. ತಳದ ಜಲ್ಲಿಯ ಕೊಳೆಯನ್ನು ಈ ವಾರ ಎಡಬದಿಯಲ್ಲಿ ಸೆಳೆದರೆ ಮುಂದಿನ ವಾರ ಬಲಬದಿ. ಪೈಪನ್ನು ಅಂಗಳಕ್ಕೆ ಬಿಡದೆ ಬಕೆಟಿಗೇ ಬಿಡಬೇಕೆಂಬುದು ನನ್ನ ಹಟ, ಏಕೆಂದರೆ ಬಕೆಟಿಗೆ ಲೆಕ್ಕವಿದೆ. ಒಮ್ಮೆ ನಾನೇ ಪೈಪನ್ನು ಜಗಲಿಗೆ ಬಿಟ್ಟು ಫೋನು ಎತ್ತಲು ಹೋಗಿದ್ದೆ. ಮರಳಿದಾಗ ಮೀನುಗಳು ಅರ್ಧ ಅಡಿ ನೀರಿನಲ್ಲಿ ಅಡ್ಡ ಮಲಗಿದ್ದವು. ಫಿಲ್ಟರಿನ ಸ್ಪಂಜನ್ನು ನಳ್ಳಿಯಡಿ ಹಿಡಿಯದೆ ಈ ತೆಗೆದ ನೀರಿನಲ್ಲೇ ಹಿಂಡಬೇಕು. ಅಮೋನಿಯವನ್ನು ಮೊದಲು ನೈಟ್ರೈಟ್, ಬಳಿಕ ನೈಟ್ರೇಟ್ ಮಾಡುವ ಸೂಕ್ಷ್ಮಜೀವಿಗಳು ಸ್ಪಂಜಿನಲ್ಲೂ ಜಲ್ಲಿಯಲ್ಲೂ ಮನೆ ಮಾಡಿರುತ್ತವೆ, ಕ್ಲೋರಿನ್ ಅವನ್ನು ಕೊಲ್ಲುತ್ತದೆ.

ಉಳಿದ ಹಳೆಯ ನೀರು ಬಸಳೆಯ ಬುಡಕ್ಕೆ. ಅದರಲ್ಲಿರುವ ನೈಟ್ರೇಟ್ ಗಿಡಕ್ಕೆ ಗೊಬ್ಬರ, ನಮ್ಮ ಚಪ್ಪರ ಹಬ್ಬಿದ್ದೇ ಹಾಗೆ. ತೊಟ್ಟಿಗೆ ಔಷಧವನ್ನೋ ಉಪ್ಪನ್ನೋ ಹಾಕಿದ್ದರೆ ಮಾತ್ರ ತಿನ್ನುವ ಗಿಡಕ್ಕೆ ಹಾಕಬಾರದು.

ಈಗ ನೀರು ತುಂಬುವುದು. ಇಲ್ಲಿ ನನ್ನದೊಂದು ಗೆರಟೆಯ, ಅಂದರೆ ತೆಂಗಿನ ಚಿಪ್ಪಿನ, ಕ್ರಮವಿದೆ, ಮನೆಯವರೆಲ್ಲ ನಕ್ಕರೂ ನಾನು ಬಿಟ್ಟಿಲ್ಲ. ನನ್ನ ತವರಿನ ಬಾವಿಯಲ್ಲಿ ಸೊಳ್ಳೆಮರಿ ತಿನ್ನಲೆಂದು ಅಪ್ಪ ಸಣ್ಣ ಮೀನುಗಳನ್ನು ಬಿಟ್ಟಿದ್ದರು. ಬೇಸಗೆಯಲ್ಲಿ ಬಾವಿಯ ಕೆಸರೆತ್ತುವ ದಿನ ಅವುಗಳನ್ನು ಹಳೆಯ ನೀರಿನ ಮಡಕೆಯಲ್ಲಿಟ್ಟು, ಒರತೆ ಏರಿದ ಮೇಲೆ ಹೊಸ ನೀರನ್ನು ಗೆರಟೆಯಲ್ಲಿ ಸ್ವಲ್ಪಸ್ವಲ್ಪವೇ ಬೆರೆಸಿ, ಮಡಕೆಯ ನೀರು ಪೂರ್ತಿ ಹೊಸದಾದ ಬಳಿಕವೇ ಬಾವಿಗೆ ಇಳಿಸುತ್ತಿದ್ದರು. ಆ ಕೆಲಸ ಮಕ್ಕಳಾದ ನಮ್ಮದು, ಅವಸರ ಮಾಡಿದವರಿಗೆ ಬೈಗುಳ. ಆ ಗೆರಟೆಗೆ ನಾನು ತೂತು ಕೊರೆದೆ, ಅಷ್ಟೇ. ಚೆನ್ನಾಗಿ ಬಲಿತ ತೆಂಗಿನಕಾಯಿಯ ಕಣ್ಣಿಲ್ಲದ ಕಡಿ ಆರಿಸಿ, ತಿರುಳಿನ ಚೂರೂ ಉಳಿಯದಂತೆ ಕೆರೆದು, ಹೊರಗಿನ ನಾರನ್ನು ಗಾಜಿನ ಚೂರಿನಿಂದ ನುಣುಪಾಗಿ ಹೆರೆಯಬೇಕು. ತಿರುಳು ಉಳಿದರೆ ಕೊಳೆತು ನೀರು ನಾರುತ್ತದೆ. ಬಳಿಕ ಕುದಿಸಿ ನೀರು ಚೆಲ್ಲಿ ಮತ್ತೆ ಕುದಿಸಬೇಕು, ಚಹಾದಂತೆ ಬರುವ ಬಣ್ಣ ನಿಲ್ಲುವವರೆಗೆ. ತಳದಲ್ಲಿ ತೆಳು ಮೊಳೆಯಿಂದ ಹತ್ತು ಹನ್ನೆರಡು ತೂತು ಕೊರೆಯಿರಿ, ಎಲ್ಲವೂ ನಡುವಿಗೆ ಬೇಡ, ಹರಡಿರಲಿ. ಅಂಚಿನ ಮೂರು ತೂತಿಗೆ ನೈಲಾನ್ ದಾರ ಕಟ್ಟಿ, ತೊಟ್ಟಿಗೆ ಅಡ್ಡ ಇಟ್ಟ ಕೋಲಿನಿಂದ ನೀರಿಗಿಂತ ನಾಲ್ಕು ಬೆರಳು ಮೇಲೆ ತೂಗುಹಾಕಿ. ಎತ್ತರದ ಸ್ಟೂಲಿನ ಮೇಲೆ ಹೊಸ ನೀರಿನ ಬಕೆಟ್, ಅದರಿಂದ ಪೆನ್ಸಿಲ್ ದಪ್ಪದ ಪೈಪು, ಪೈಪಿಗೆ ಒಂದು ಸಡಿಲ ಗಂಟು. ಗಂಟು ಬಿಗಿದರೆ ಹನಿ, ಬಿಟ್ಟರೆ ಧಾರೆ. ದೇವಸ್ಥಾನದಲ್ಲಿ ಲಿಂಗದ ಮೇಲೆ ಧಾರಾಪಾತ್ರೆಯ ನೀರು ಇಳಿಯುವುದನ್ನು ಕಂಡವರಿಗೆ ಹದ ವಿವರಿಸಬೇಕಿಲ್ಲ. ಒಂದು ಬಕೆಟ್ ಇಳಿಯಲು ಕುಚ್ಚಲಕ್ಕಿ ಬೇಯುವಷ್ಟು ಹೊತ್ತು ಹಿಡಿಯಬೇಕು. ನೀರು ಎಳೆಯೆಳೆಯಾಗಿ ಬೀಳುವಾಗ ಗಾಳಿಯನ್ನೂ ಒಯ್ಯುತ್ತದೆ, ಜಲ್ಲಿ ಕದಡುವುದಿಲ್ಲ, ಮೀನುಗಳು ಓಡಿ ಮೂಲೆ ಸೇರುವ ಬದಲು ಆ ಎಳೆಗಳ ಕೆಳಗೇ ಬಂದು ಆಡುತ್ತವೆ. ನಾಲ್ಕು ಬಕೆಟಿಗೆ ಒಂದು ಬೆಳಗು ಬೇಕು ಎಂದು ನನ್ನ ಸೊಸೆ ಗೊಣಗುತ್ತಾಳೆ. ಬೇಕು, ಬೇರೆ ಅಡುಗೆಯೂ ಆಗ ಆಗುತ್ತದೆ.

ಪ್ರತಿ ಬಕೆಟ್ ಏರಿಸುವ ಮೊದಲು ಮಣಿಕಟ್ಟಿನ ಒಳಮೈಯನ್ನು ಒಮ್ಮೆ ತೊಟ್ಟಿಯಲ್ಲಿ, ಒಮ್ಮೆ ಬಕೆಟಿನಲ್ಲಿ ಅದ್ದಿ ನೋಡಿ. ವ್ಯತ್ಯಾಸ ಗೊತ್ತಾದರೆ ಕಾಯಿರಿ. ಆಟಿಯ ಮಳೆಯಲ್ಲಿ ತಣ್ಣೀರು ಸುರಿದ ಮನೆಗಳಲ್ಲೇ ವಾರದೊಳಗೆ ಮೀನಿನ ಮೈಮೇಲೆ ರವೆ ಚೆಲ್ಲಿದಂತೆ ಬಿಳಿಚುಕ್ಕೆ ಏಳುವುದನ್ನು ನಾನು ಕಂಡಿದ್ದೇನೆ.

ತುಂಬಿದ ಮೇಲೆ ಫಿಲ್ಟರ್ ಮೊದಲು ಚಾಲೂ ಮಾಡಿ. ಹೀಟರಿಗೆ ಕಾಲು ಗಂಟೆ ಬಿಟ್ಟು ವಿದ್ಯುತ್ ಕೊಡಿ. ಪ್ಲಗ್ಗಿನ ವಯರು ಬೋರ್ಡಿಗಿಂತ ಕೆಳಗೆ ಇಳಿದು ಮೇಲೇರುವಂತಿರಲಿ, ವಯರಿನ ಮೇಲೆ ಹರಿದ ಹನಿ ಅಲ್ಲೇ ಬಿದ್ದುಹೋಗುತ್ತದೆ. ಗಾಳಿಯ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಿ. ಕೆಳಗಿದ್ದರೆ, ಮಳೆಗಾಲದಲ್ಲಿ ಕರೆಂಟು ಹೋದಾಗ ತೊಟ್ಟಿಯ ನೀರು ಅದರ ಕೊಳವೆಯಲ್ಲಿ ಹಿಂದೆ ಹರಿದು ಪಂಪಿಗೂ ನೆಲಕ್ಕೂ ಬರುತ್ತದೆ. ನೀರು ಬದಲಿಸಿದ ದಿನ ಮೀನಿಗೆ ಸಂಜೆಯವರೆಗೆ ಆಹಾರ ಬೇಡ, ಗೆರಟೆಯನ್ನು ತೊಳೆದು ಬಿಸಿಲಿಗಿಡಿ.