ಮೊದಲ ನೂರರ ಆಚೆ

ಪುರುಷರ ವೃತ್ತಿಪರ ಟೆನಿಸ್ ನಡೆಸುವ ಎಟಿಪಿ ರ‍್ಯಾಂಕಿಂಗ್‌ಗೆ ಲೆಕ್ಕ ಹಿಡಿಯುವ ಪಾಯಿಂಟ್‌ಗೆ ಆಯಸ್ಸು 52 ವಾರ. ಈ ಒಂದು ನಿಯಮ ಅರ್ಥವಾದರೆ ನನ್ನಂಥವರ ಟೆನಿಸ್ ಬದುಕು ಮುಕ್ಕಾಲು ಪಾಲು ಅರ್ಥವಾದ ಹಾಗೆ. ಹೋದ ವರ್ಷ ಒಂದು ಟೂರ್ನಿಯಲ್ಲಿ ಫೈನಲ್ ಆಡಿದ್ದೀರಿ ಅಂತಿಟ್ಟುಕೊಳ್ಳಿ. ಈ ವರ್ಷ ಅದೇ ವಾರ ಬಂದಾಗ ಆ ಪಾಯಿಂಟುಗಳು ಉದುರಿಹೋಗುತ್ತವೆ. ಮತ್ತೆ ಅಷ್ಟನ್ನೇ ಗಳಿಸಿದರೆ ಇದ್ದಲ್ಲೇ ಇರುತ್ತೀರಿ, ಇಲ್ಲದಿದ್ದರೆ ಕೆಳಗೆ. ನಾನು ಆಡಿದ ಕಾಲದುದ್ದಕ್ಕೂ ಎದುರಿಗಿದ್ದವನಿಗಿಂತ ಹೋದ ವರ್ಷದ ನನ್ನ ಜೊತೆಗೇ ಹೆಚ್ಚು ಹೊಡೆದಾಡಿದ್ದೇನೆ.

ಆಡಿದ್ದು ಬಹುಪಾಲು ಫ್ಯೂಚರ್ಸ್, ಅಂದರೆ ವೃತ್ತಿಪರ ಟೆನಿಸ್‌ನ ಕೆಳಗಿನ ಮೆಟ್ಟಿಲಿನ ಟೂರ್ನಿ; ಅಲ್ಲೊಂದು ಇಲ್ಲೊಂದು ಅದರ ಮೇಲಿನ ಮೆಟ್ಟಿಲಿನ ಚಾಲೆಂಜರ್. ಟಿವಿಯಲ್ಲಿ ಕಾಣುವ ಟೆನಿಸ್‌ಗೂ ಇದಕ್ಕೂ ನೆಂಟಸ್ತಿಕೆ ಕಡಿಮೆ. ಬಾಲ್ ಬಾಯ್ ಇರುವುದಿಲ್ಲ, ಚೆಂಡು ನೀವೇ ಹೆಕ್ಕಬೇಕು. ಅರ್ಹತಾ ಸುತ್ತಿನ ಪಂದ್ಯಗಳಲ್ಲಿ ಎಷ್ಟೋ ಸಲ ಅಂಪೈರ್ ಕೂಡ ಇರುವುದಿಲ್ಲ. ಒಬ್ಬ ಅಧಿಕಾರಿ ನಾಲ್ಕೈದು ಕೋರ್ಟುಗಳ ನಡುವೆ ಓಡಾಡುತ್ತಿರುತ್ತಾನೆ, ಚೆಂಡು ಒಳಗೋ ಹೊರಗೋ ಆಟಗಾರರೇ ಕೂಗಬೇಕು. ಯಾರ ಕಣ್ಣು ಯಾವ ಸ್ಕೋರಿನಲ್ಲಿ ಮಂಜಾಗುತ್ತದೆ ಅನ್ನುವುದು ಬಹಳ ಬೇಗ ಎಲ್ಲರಿಗೂ ಗೊತ್ತಾಗುತ್ತದೆ. ಆಗಿನ 10,000 ಡಾಲರ್ ಫ್ಯೂಚರ್ಸ್‌ನಲ್ಲಿ ಪ್ರಶಸ್ತಿ ಗೆದ್ದರೆ 18 ಪಾಯಿಂಟ್, ಕೈಗೆ 1,300ರಿಂದ 1,400 ಡಾಲರ್. ಮೊದಲ ಸುತ್ತಿನಲ್ಲಿ ಸೋತವನಿಗೆ ನೂರು ಡಾಲರಿನ ಆಸುಪಾಸು, ಪಾಯಿಂಟ್ ಸೊನ್ನೆ. ತೆರಿಗೆ ಕಳೆದರೆ ಅದೂ ಕಡಿಮೆ. 2018ರಲ್ಲಿ ಟೆನಿಸ್‌ನ ಸ್ವತಂತ್ರ ಪರಿಶೀಲನಾ ಸಮಿತಿ ಬರೆದದ್ದು ಇದನ್ನೇ: ಖರ್ಚು ಸರಿದೂಗುವಷ್ಟು ದುಡಿಯುವವರು ಮೊದಲ 250ರಿಂದ 350 ಮಂದಿ, ಹೆಸರಿಗೆ ವೃತ್ತಿಪರರು ಅನ್ನಿಸಿಕೊಂಡವರು ಸುಮಾರು 15,000. ಓದಿದಾಗ ನನಗೇನೂ ಆಶ್ಚರ್ಯವಾಗಲಿಲ್ಲ. ಬೆಟ್ಟಿಂಗ್ ದಂಧೆಯವರು ಈ ಕೆಳಹಂತದಲ್ಲೇ ಗಾಳ ಹಾಕುವುದೂ ಅದಕ್ಕೇ.

ಗಟ್ಟಿಂಗ್, ಅಂದರೆ ರ‍್ಯಾಕೆಟ್ಟಿಗೆ ಸ್ಟ್ರಿಂಗ್ ಹೆಣೆಯುವುದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಅದರ ಬಗ್ಗೆ ಯಾರೂ ಕೇಳುವುದೇ ಇಲ್ಲ. ಪಾಲಿಯೆಸ್ಟರ್ ಸ್ಟ್ರಿಂಗ್ ತುಂಡಾಗುವುದಕ್ಕೆ ಎಷ್ಟೋ ಮೊದಲೇ ಸತ್ತುಹೋಗಿರುತ್ತದೆ. ಬಿಗಿ ಇಳಿಯುತ್ತದೆ, ಬೇಸ್‌ಲೈನ್ ಒಳಗೆ ಬೀಳಬೇಕಾದ ಚೆಂಡು ಒಂದಡಿ ಆಚೆ ಬೀಳುತ್ತದೆ, ನೀವು ನಿಮ್ಮ ಕೈಯನ್ನೇ ಬೈದುಕೊಳ್ಳುತ್ತೀರಿ. ಹಾಗಾಗಿ ಪ್ರತಿ ಪಂದ್ಯಕ್ಕೂ ಹೊಸ ಗಟ್ಟಿಂಗ್ ಬೇಕು. ಟೂರ್ನಿಯ ಸ್ಟ್ರಿಂಗರ್ ಕೈಗೆ ಕೊಟ್ಟರೆ ಒಂದು ವಾರದ ಕೂಲಿಯೇ ಮೊದಲ ಸುತ್ತಿನ ಹಣ ನುಂಗುತ್ತಿತ್ತು. ಸರಳಿಗೆ ತೂಕ ಕಟ್ಟಿ ಬಿಗಿ ಎಳೆಯುವ ಸಣ್ಣ ಯಂತ್ರವೊಂದನ್ನು ಕೊಂಡು ಬಟ್ಟೆಗಳ ಮಧ್ಯೆ ಸುತ್ತಿಕೊಂಡು ತಿರುಗಿದೆ. 200 ಮೀಟರಿನ ರೀಲ್ ತಂದರೆ, ರ‍್ಯಾಕೆಟ್ಟಿಗೆ ಸುಮಾರು 12 ಮೀಟರ್ ಲೆಕ್ಕದಲ್ಲಿ ಹದಿನಾರು ರ‍್ಯಾಕೆಟ್ ಆಗುತ್ತವೆ. ನನ್ನ ಮಾಮೂಲಿ ಬಿಗಿ 24 ಕೆಜಿ. ಬಿಸಿಲು ಜೋರಿದ್ದರೆ, ಇಲ್ಲವೇ ಎತ್ತರದ ಜಾಗವಾಗಿ ಗಾಳಿ ತೆಳುವಾಗಿದ್ದರೆ ಚೆಂಡು ಹಾರುತ್ತದೆ. ಆಗ ಒಂದು ಕೆಜಿ ಏರಿಸುತ್ತಿದ್ದೆ. ತೇವ ಹೀರಿದ ಮಣ್ಣಿನ ಕೋರ್ಟಿನಲ್ಲಿ ಚೆಂಡು ಭಾರವಾಗುತ್ತದೆ, ಆಗ ಇಳಿಸುವುದು. ರಾತ್ರಿ ಕೋಣೆಯಲ್ಲಿ ಕೂತು ಗಂಟು ಹಾಕುತ್ತಿದ್ದರೆ ಪಕ್ಕದ ಕೋಣೆಯ ಆಟಗಾರರೂ ರ‍್ಯಾಕೆಟ್ ಹಿಡಿದು ಬರುತ್ತಿದ್ದರು. ಕೆಲವು ವಾರ ಕೋಣೆಯ ಬಾಡಿಗೆ ಹುಟ್ಟಿದ್ದು ಫೋರ್‌ಹ್ಯಾಂಡಿನಿಂದಲ್ಲ, ಈ ಕೆಲಸದಿಂದ.

ಎಲ್ಲರ ಕಣ್ಣೂ ಗ್ರ್ಯಾಂಡ್‌ಸ್ಲ್ಯಾಮ್ ಅರ್ಹತಾ ಸುತ್ತಿನ ಮೇಲೆ. ಮುಖ್ಯ ಡ್ರಾದ 128 ಜಾಗಗಳಲ್ಲಿ 16 ಮಾತ್ರ ಅಲ್ಲಿಂದ ಬರುವವರಿಗೆ, ಅದಕ್ಕೆ ಮೂರು ಪಂದ್ಯ ಗೆಲ್ಲಬೇಕು. ಆ ಸುತ್ತಿಗೆ ಕಾಲಿಡಲೂ ರ‍್ಯಾಂಕಿಂಗ್ ಹೆಚ್ಚುಕಡಿಮೆ 230ರ ಒಳಗಿರಬೇಕು. ಅಲ್ಲಿ ಮೊದಲ ಪಂದ್ಯದಲ್ಲೇ ಸೋತರೂ ಸಿಗುವ ಹಣ ಹಲವು ಫ್ಯೂಚರ್ಸ್ ಗೆದ್ದಷ್ಟು. ನಾನು ಅದರ ಹೊಸ್ತಿಲವರೆಗೆ ಹೋದೆ. ಅಷ್ಟರಲ್ಲಿ ಭುಜ ಕೈಕೊಟ್ಟಿತು.

ಭುಜದ ಕಥೆ ಉದ್ದ ಮಾಡುವುದಿಲ್ಲ. ಆರು ತಿಂಗಳಿಗೂ ಹೆಚ್ಚು ಹೊರಗಿದ್ದವರಿಗೆ ಪ್ರೊಟೆಕ್ಟೆಡ್ ರ‍್ಯಾಂಕಿಂಗ್ ಸಿಗುತ್ತದೆ. ಗಾಯವಾದ ಮೇಲಿನ ಮೊದಲ ಮೂರು ತಿಂಗಳ ಸರಾಸರಿ ಸ್ಥಾನವನ್ನು ಹಿಡಿದಿಟ್ಟು, ನಿಗದಿತ ಸಂಖ್ಯೆಯ ಟೂರ್ನಿಗಳಿಗೆ ಅದರ ಮೇಲೆ ಪ್ರವೇಶ ಕೊಡುತ್ತಾರೆ. ಪ್ರವೇಶ ಮಾತ್ರ, ಸೀಡಿಂಗ್ (ಬಲಿಷ್ಠರು ಆರಂಭದಲ್ಲೇ ಮುಖಾಮುಖಿಯಾಗದಂತೆ ಕೊಡುವ ಕ್ರಮಾಂಕ) ಇಲ್ಲ. ಅಂದರೆ ಭುಜ ಇನ್ನೂ ಪಳಗಿರದ ಹೊತ್ತಿಗೆ ಮೊದಲ ಸುತ್ತಿನಲ್ಲೇ ಅಗ್ರ ಸೀಡ್ ಎದುರಾಗಬಹುದು. ನಿಯಮ ನ್ಯಾಯವಾಗಿಯೇ ಇದೆ. ಆದರೂ ಸಿಂಗಲ್ಸ್‌ನಲ್ಲಿ ಎರಡು ಗೇಮಿಗೊಮ್ಮೆ ಸರ್ವ್ ಮಾಡಬೇಕು, ಎರಡನೇ ಸರ್ವ್‌ಗೆ ಕಿಕ್ (ಚೆಂಡು ಎತ್ತರಕ್ಕೆ ಪುಟಿಯುವಂಥ ತಿರುಗು) ಹಾಕಿದಾಗೆಲ್ಲ ಭುಜ ಲೆಕ್ಕ ಕೇಳುತ್ತಿತ್ತು.

ಡಬಲ್ಸ್‌ಗೆ ತಿರುಗಿದ್ದು ಹೀಗೆ. ಅಲ್ಲಿ ನಾಲ್ಕು ಗೇಮಿಗೊಂದು ಸರ್ವ್. 2006ರಿಂದ ಎಟಿಪಿ ಡಬಲ್ಸ್‌ನಲ್ಲಿ ಡ್ಯೂಸ್ (40-40 ಸಮ) ಆದರೆ ಒಂದೇ ಪಾಯಿಂಟಿನಲ್ಲಿ ಗೇಮ್ ತೀರ್ಮಾನ, ಮೂರನೇ ಸೆಟ್ ಬದಲು ಹತ್ತು ಪಾಯಿಂಟಿನ ಟೈಬ್ರೇಕ್. ಆಟವನ್ನು ಕುಯ್ದು ಚಿಕ್ಕದು ಮಾಡಿದರು ಅಂತ ಹಳೇ ಜೋಡಿಗಳು ಗೊಣಗಿದ್ದರು, ನನ್ನ ಭುಜಕ್ಕೆ ಅದೇ ವರವಾಯಿತು. ವೇಗ ಬಿಟ್ಟು ಎದುರಾಳಿಯ ದೇಹದ ಕಡೆಗೆ, ಪಕ್ಕಕ್ಕೆ ತಿರುಗುವ ಸ್ಲೈಸ್ ಸರ್ವ್ ಹಾಕುವುದನ್ನು ರೂಢಿಸಿಕೊಂಡೆ. ವೇಗದ ಸರ್ವ್‌ನಿಂದ ಏಸ್ ಬರುತ್ತದೆ, ನಿಜ. ಆದರೆ ದೇಹಕ್ಕೆ ಬಂದ ಚೆಂಡನ್ನು ರಿಟರ್ನ್ ಮಾಡುವವನಿಗೆ ಕೈ ಚಾಚಲು ಜಾಗವಿರುವುದಿಲ್ಲ, ಅವನ ಚೆಂಡು ನೆಟ್ ಮೇಲೆ ತೇಲುತ್ತದೆ, ಜೊತೆಗಾರ ಅಡ್ಡ ನುಗ್ಗಿ ಮುಗಿಸುತ್ತಾನೆ. ಡ್ಯೂಸ್ ಪಾಯಿಂಟಿನಲ್ಲಿ ಯಾವ ಕಡೆಯಿಂದ ರಿಟರ್ನ್ ಅನ್ನುವುದು ರಿಸೀವ್ ಮಾಡುವ ಜೋಡಿಯ ಆಯ್ಕೆ. ಇಲ್ಲಿ ಬಹಳ ಜೋಡಿಗಳು ಚೆನ್ನಾಗಿ ಆಡುವವನನ್ನು ನಿಲ್ಲಿಸುತ್ತಾರೆ. ಆ ಗೇಮಿನಲ್ಲಿ ಸರ್ವ್ ಮಾಡುವವನು ಒತ್ತಡದಲ್ಲಿ ಎತ್ತ ಹಾಕುತ್ತಾನೆ ಎಂದು ನೋಡಿ, ಅದಕ್ಕೆ ಒಗ್ಗುವವನನ್ನು ನಿಲ್ಲಿಸುವುದೇ ಸರಿ ಅಂತ ನನ್ನ ಅಭಿಪ್ರಾಯ.

ಡಬಲ್ಸ್‌ನಲ್ಲಿ ವಯಸ್ಸಿಗೆ ಬೆಲೆಯಿದೆ. ರೋಹನ್ ಬೋಪಣ್ಣ 2024ರಲ್ಲಿ, 43ರ ಹರೆಯದಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದು ವಿಶ್ವದ ಮೊದಲ ಸ್ಥಾನಕ್ಕೇರಿದರು. ಅಷ್ಟು ಎತ್ತರ ನನಗೆ ಎಟುಕುವಂಥದ್ದಲ್ಲ. ಆದರೂ ಸಿಂಗಲ್ಸ್ ಮುಗಿದ ಮೇಲೆ ಇನ್ನೂ ಕೆಲವು ಸೀಸನ್ ಆಡಿದ್ದು ಡಬಲ್ಸ್ ದೆಸೆಯಿಂದಲೇ. ತೊಂದರೆಯೆಂದರೆ ಜೊತೆಗಾರ. ಟೂರ್ನಿಗೆ ಪ್ರವೇಶ ಸಿಗುವುದು ಇಬ್ಬರ ರ‍್ಯಾಂಕಿಂಗ್ ಕೂಡಿಸಿ. ಒಬ್ಬ ಮೇಲೇರಿದರೆ ಇನ್ನೂ ಮೇಲಿರುವವನನ್ನು ಹುಡುಕಿಕೊಂಡು ಹೋಗುತ್ತಾನೆ. ಅದರಲ್ಲಿ ಮುನಿಸಿಕೊಳ್ಳುವಂಥದ್ದೇನೂ ಇಲ್ಲ, ನಾನೂ ಹಾಗೆ ಹೋದವನೇ.

ನಿಲ್ಲಿಸುವ ತೀರ್ಮಾನಕ್ಕೆ ಕಣ್ಣೀರೇನೂ ಹರಿಯಲಿಲ್ಲ. ಮುಂದಿನ ಮೂರು ತಿಂಗಳಲ್ಲಿ ಉದುರುವ ಪಾಯಿಂಟ್ ಎಷ್ಟು, ಸಿಗಬಹುದಾದ್ದು ಎಷ್ಟು, ವಿಮಾನ ಟಿಕೆಟ್ ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆದೆ. ಲೆಕ್ಕ ಕೂಡಲಿಲ್ಲ.

ಈಗ ಹಿಟ್ಟಿಂಗ್ ಪಾರ್ಟ್ನರ್ ಕೆಲಸ. ಮಹಿಳಾ ಟೂರ್‌ನ ಆಟಗಾರ್ತಿಯರು ಅಭ್ಯಾಸಕ್ಕೆ ಗಂಡಸರನ್ನು ಇಟ್ಟುಕೊಳ್ಳುವುದು ಮಾಮೂಲಿ. ಇಲ್ಲಿ ಗೆಲ್ಲುವ ಹಾಗಿಲ್ಲ. ನಾಳಿನ ಎದುರಾಳಿಯ ಹಾಗೆ ಆಡಬೇಕು. ಅವಳ ಬ್ಯಾಕ್‌ಹ್ಯಾಂಡ್ ಸ್ಲೈಸ್ ಆದರೆ ಒಂದು ಗಂಟೆ ಸ್ಲೈಸೇ ಕೊಡಬೇಕು, ಅವಳು ಹೊಡೆಯುವ ಎತ್ತರದಲ್ಲೇ. ಇಷ್ಟು ವರ್ಷ ಬೇರೆಯವರ ಆಟ ಓದಿದ್ದು ಇಲ್ಲಿ ಉಪಯೋಗಕ್ಕೆ ಬಂತು. ಎಡಗೈಯ ಸರ್ವ್ ಮಾತ್ರ ನಕಲು ಮಾಡಲಾಗುವುದಿಲ್ಲ: ನಾನು ಬಲಗೈಯವನು, ಡ್ರಾದಲ್ಲಿ ಎಡಚಿ ಎದುರಾದ ವಾರ ಕೋಚ್ ಬೇರೆಯವನಿಗೆ ಫೋನ್ ಮಾಡುತ್ತಾರೆ.